ನಂದಿ ಹಾಲ್ಟ್‌ನಲ್ಲಿ ಅಮ್ಮನ ಜೊತೆ ಒಂದು ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ಕಳೆದ ಭಾನುವಾರ ಅಮ್ಮನನ್ನು ಕರೆದುಕೊಂಡು ನಂದಿ ಹಾಲ್ಟ್‌ಗೆ ಹೋಗಿದ್ದೆ. ನೀನು ನಂದಿ ಬೆಟ್ಟಕ್ಕೆ ಹತ್ತಾರು ಸಲ ಹೋಗಿದ್ದೀಯ. ಕೆಳಗಿರುವ ಈ ಪುಟ್ಟ ಸ್ಟೇಷನ್ ಕಡೆ ಒಂದು ಸಲವೂ ಬಂದಿಲ್ಲ ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಬೆಳೆದಿದ್ದು ಈ ಲೈನಿನ ಪಕ್ಕದಲ್ಲೇ. ತಾತ ಇಲ್ಲಿ ಪಾಯಿಂಟ್ಸ್‌ಮನ್, ಅಂದರೆ ಗಾಡಿಗೆ ಹಳಿ ತಿರುಗಿಸಿ ಕೊಡುವವರು, ಆಗಿದ್ದರು. ಕಾರಿನಿಂದ ಇಳಿದವಳು ನೇರ ಟಿಕೆಟ್ ಕಿಟಕಿಯ ಹತ್ತಿರ ಹೋಗಿ ಅದರ ಕಲ್ಲಿನ ಮೇಲೆ ಕೈಯಿಟ್ಟಳು. "ನನ್ನ ಗಲ್ಲ ಇಲ್ಲಿಗೆ ಬರ್ತಿತ್ತು" ಅಂದಳು. ಈಗ ಆ ಕಲ್ಲು ಅವಳ ಸೊಂಟದ ಮಟ್ಟಕ್ಕಿದೆ. ಆ ಕಿಟಕಿಯಿಂದ ರಟ್ಟಿನ ಪುಟಾಣಿ ಟಿಕೆಟ್ ಕೊಡುತ್ತಿದ್ದರು, ಕೊಡುವ ಮೊದಲು ತಾರೀಖು ಒತ್ತುವ ಯಂತ್ರಕ್ಕೆ ಅದನ್ನು ತೂರಿಸುತ್ತಿದ್ದರು. ಆ 'ಟಕ್' ಅನ್ನುವ ಸದ್ದನ್ನು ಅಮ್ಮ ಬಾಯಲ್ಲೇ ಮಾಡಿ ತೋರಿಸಿದಳು.

ಸ್ಟೇಷನ್ನಿನ ಗಂಟೆ ಅಂದರೆ ಗಂಟೆಯಲ್ಲ, ಒಂದು ಮೊಳ ಉದ್ದದ ಹಳಿಯ ತುಂಡು. ತಂತಿ ಕಟ್ಟಿ ತೂಗುಹಾಕಿದ್ದರಂತೆ. ಹಿಂದಿನ ಸ್ಟೇಷನ್ನಿನಿಂದ ಗಾಡಿ ಬಿಟ್ಟ ಸುದ್ದಿ ಬಂದ ಕೂಡಲೇ ತಾತ ಕಬ್ಬಿಣದ ಬೋಲ್ಟಿನಿಂದ ಅದನ್ನು ಬಾರಿಸುತ್ತಿದ್ದರು. ಆ ಸದ್ದು ಕೇಳಿ ಅಜ್ಜಿ ಒಲೆ ಮೇಲೆ ಎಸರಿಡುತ್ತಿದ್ದಳು. ಗಾಡಿ ಹೋಗಿ ತಾತ ಮನೆಗೆ ಬರುವಷ್ಟರಲ್ಲಿ ಮುದ್ದೆ ಸಿದ್ಧ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಮ್ಮ ಹುಟ್ಟಿದ ಹೊತ್ತನ್ನು ಜಾತಕ ಬರೆಯುವವರು ಕೇಳಿದಾಗ "ಬೆಳಗಿನ ಗಾಡಿ ಹೋಗಿ ಒಂದು ಗಳಿಗೆ ಆಗಿತ್ತು" ಅಂದಳಂತೆ ಅಜ್ಜಿ. ಆ ದಿನ ಗಾಡಿ ಒಂದು ನಿಮಿಷವೂ ತಡವಾಗಿರಲಿಲ್ಲ ಅಂತ ತಾತ ಕೊನೆವರೆಗೂ ಆಣೆ ಹಾಕಿ ಹೇಳುತ್ತಿದ್ದರು.

ಈ ಲೈನು ಶುರುವಾಗಿದ್ದು 1915ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ದಿವಾನರಾಗಿ ಸರ್ ಎಂ. ವಿಶ್ವೇಶ್ವರಯ್ಯ. ಅವರ ಹುಟ್ಟೂರು ಮುದ್ದೇನಹಳ್ಳಿ ಇಲ್ಲಿಂದ ಎಷ್ಟು ಹತ್ತಿರ ಅಂತ ನಿನಗೆ ಗೊತ್ತು. ಆಗ ಹಾಕಿದ್ದು ನ್ಯಾರೋ ಗೇಜ್. ಹಳಿಯಿಂದ ಹಳಿಗೆ ಬರೀ 2 ಅಡಿ 6 ಇಂಚು. ಹಳಿ ಹಗುರ, ಖರ್ಚೂ ಕಡಿಮೆ. ಈಗಿನ ಬ್ರಾಡ್ ಗೇಜ್ 5 ಅಡಿ 6 ಇಂಚು. ಅಮ್ಮ ಹಳಿಗಳನ್ನು ನೋಡಿ, "ಇಷ್ಟು ಅಗಲದಲ್ಲಿ ನಮ್ಮ ಗಾಡಿ ಎರಡು ಹೋಗ್ತಿತ್ತು" ಅಂದಳು. ನಾನು ಲೆಕ್ಕ ಹಾಕಿದೆ. ಹಳಿಗಳ ಮಟ್ಟಿಗೆ ಅವಳ ಮಾತು ನಿಜ!

ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಮೇಲೆ ಗಾಡಿ ಬಂಗಾರಪೇಟೆ ಸೇರುತ್ತಿತ್ತು. ಅಜ್ಜಿ ಬಾಯಲ್ಲಿ ಅದು ಕೊನೆವರೆಗೂ 'ಬೌರಿಂಗ್‌ಪೇಟೆ'ಯೇ. ಅಲ್ಲಿ ಮದ್ರಾಸಿನ ಕಡೆಯ ದೊಡ್ಡ ಹಳಿ ಎದುರಾಗುತ್ತಿತ್ತು. ಮೂಟೆಗಳನ್ನೆಲ್ಲ ಇಳಿಸಿ ಮತ್ತೊಂದು ಗಾಡಿಗೆ ಹೊರಬೇಕಿತ್ತು. ಕೂಲಿಯವರ ಬೆನ್ನು ಎಷ್ಟು ನೋಯುತ್ತಿತ್ತೋ!

ಈ ಕಡೆ ದೇವನಹಳ್ಳಿ. ಅಲ್ಲಿಂದ ದೊಡ್ಡಮ್ಮ ಬರುವಾಗಲೆಲ್ಲ ಚಕ್ಕೋತ ತರುತ್ತಿದ್ದಳು. ತಾತ ಅದರ ಸಿಪ್ಪೆಯನ್ನು ಒಡೆಯದ ಹಾಗೆ ಬಿಡಿಸಿ ಅಮ್ಮನ ತಲೆಗೆ ಟೋಪಿ ಮಾಡಿ ಹಾಕುತ್ತಿದ್ದರು. ಕಹಿ ವಾಸನೆ ಕೂದಲಲ್ಲಿ ಎರಡು ದಿನ ಇರುತ್ತಿತ್ತಂತೆ. ಇದನ್ನು ಹೇಳುವಾಗ ಅಮ್ಮ ತಲೆ ಮುಟ್ಟಿಕೊಂಡಳು. ನನಗೆ ಗಂಟಲು ಕಟ್ಟಿತು.

ಹಳಿ ಬದಲಾಗಿದ್ದಕ್ಕೆ ನನಗೆ ಬೇಸರವಿಲ್ಲ. ಜನಕ್ಕೆ ಬೆಂಗಳೂರು ಬೇಗ ಸಿಗಬೇಕು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ 2013ರಲ್ಲಿ ಬ್ರಾಡ್ ಗೇಜ್ ಬಂದಾಗ ಆ ಕಡೆಯವರು ಎಷ್ಟು ವರ್ಷ ಕಾದಿದ್ದರು ಅಂತ ನಾನೂ ಕಂಡಿದ್ದೇನೆ. ಆದರೆ ಈ ಕಲ್ಲಿನ ಕಟ್ಟಡ ಉಳಿಯಬೇಕು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ನಾಲ್ಕೂ ಉಳಿಯಬೇಕು. ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ರೈಲ್ವೆ ಜೊತೆ ಸೇರಿ ಇವನ್ನು ಉಳಿಸುವ ಕೆಲಸ ಹಿಡಿದಿರುವುದು ನನಗೆ ತುಂಬ ಖುಷಿ. ಗೋಡೆ, ಹೆಂಚು ಅವರು ನೋಡಿಕೊಳ್ಳಲಿ. ಗಂಟೆಯ ಸದ್ದಿಗೆ ಎಸರಿಟ್ಟವಳ ಕಥೆಯನ್ನು ನಾವೇ ಬರೆದಿಡಬೇಕು. ಅಮ್ಮನಿಗೆ ಈಗಲೇ ಕೆಲವು ಹೆಸರು ಮರೆಯುತ್ತಿವೆ.

ನಾವಿದ್ದಾಗಲೇ ಒಂದು ರೈಲು ಬಂತು. ಅಮ್ಮ ತಕ್ಷಣ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಐವತ್ತು ದಾಟಿದ ಮಗನನ್ನು! ತಾತ ಅವಳನ್ನು ಹಾಗೇ ಎಳೆಯುತ್ತಿದ್ದರಂತೆ.

ಒಂದು ಕೆಲಸ ಮಾಡು. ನಿಮ್ಮ ಅಪ್ಪ ಚಿಂತಾಮಣಿಯಿಂದ ಈ ಗಾಡಿಯಲ್ಲೇ ಓಡಾಡುತ್ತಿದ್ದರು ಅಂತ ನೀನೇ ಒಮ್ಮೆ ಹೇಳಿದ್ದೆ. ಬೆಂಗಳೂರಿಗೆ ಹೋಗುವಾಗ ಬೆಟ್ಟ ಯಾವ ಕಿಟಕಿಗೆ ಕಾಣುತ್ತಿತ್ತು, ಇಲ್ಲಿ ಹಳಿ ಬಾರಿಸುತ್ತಿದ್ದವರ ನೆನಪಿದೆಯಾ, ಕೇಳು. ಫೋನಿನಲ್ಲಿ ಬೇಡ, ಎದುರು ಕೂತು ಕೇಳಿ ಬರೆದುಕೋ. ಆಮೇಲೆ ಅವರನ್ನು ಇಲ್ಲಿಗೆ ಕರೆದುಕೊಂಡು ಬಾ. ಅಮ್ಮ ಈಗಲೇ ದಾರಿ ಕಾಯುತ್ತಿದ್ದಾಳೆ.

ನಿನ್ನ ಗೆಳೆಯ