ಆರನೇ ಹಲ್ಲು ಹಾಲುಹಲ್ಲಲ್ಲ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಒಂದರಿಂದ ನಾಲ್ಕನೇ ತರಗತಿಯ ಮಕ್ಕಳ ಮನೆಯವರಿಗೆ ಈ ಪತ್ರ. ಓದಲು ಬಾರದ ಹಿರಿಯರಿದ್ದರೆ ಮಗುವಿನಿಂದಲೇ ಓದಿಸಿ ಕೇಳಿ.

ಇವತ್ತು ಸಂಜೆ ಬೆಳಕಿರುವಾಗ ಮಗುವನ್ನು ಬಾಗಿಲ ಬಳಿ ಕೂರಿಸಿ ಬಾಯಿ ತೆರೆಸಿ. ಕೈ ತೊಳೆದು, ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಕೆಳದವಡೆಯ ನಡುವಿನಿಂದ ಒಂದು ಬದಿಗೆ ಎಣಿಸುತ್ತಾ ಹೋಗಿ. ಬಿದ್ದ ಹಲ್ಲಿನ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲ ಐದು ಹಾಲುಹಲ್ಲಿನ ಜಾಗ. ಆರನೆಯದು, ಹಿಂದಿನ ಅಗಲವಾದದ್ದು, ಜೀವಮಾನವೆಲ್ಲ ಉಳಿಯಬೇಕಾದ ಹಲ್ಲು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು.

ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಮುಂದಿನ ಹಲ್ಲು ಬಿದ್ದು ಹೊಸದು ಬಂದರೆ ಮನೆಗೆಲ್ಲ ಗೊತ್ತಾಗುತ್ತದೆ. ಆರನೆಯದಕ್ಕೆ ಯಾವ ಹಲ್ಲೂ ಬೀಳಬೇಕಿಲ್ಲ. ಆರು ವರ್ಷದ ಆಸುಪಾಸಿನಲ್ಲಿ ಹಿಂದಿನ ಖಾಲಿ ಜಾಗದಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಪೂರ್ತಿ ಮೇಲೆ ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ತಾಕುವುದೇ ಇಲ್ಲ, ಮೇಲಿನ ಆಳವಾದ ಗೀರುಗಳಲ್ಲಿ ಬಿಸ್ಕೆಟ್ಟಿನ ಹಿಟ್ಟು ಕೂರುತ್ತದೆ. ಹುಳುಕು ಕಂಡಾಗ “ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ” ಎನ್ನುತ್ತಾರೆ. ಅದು ಬೀಳುವ ಹಲ್ಲಲ್ಲ. ಕಿತ್ತರೆ ಆ ಜಾಗದಲ್ಲಿ ಇನ್ನೊಂದು ಬರುವುದೂ ಇಲ್ಲ.

ಹಾಗೆಂದು ಹಾಲುಹಲ್ಲನ್ನು ಕಡೆಗಣಿಸಬಾರದು. ಹಿಂದಿನ ಹಾಲು ದವಡೆಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕಾದವು. ಬೇಗ ಕಿತ್ತರೆ ಆರನೇ ಹಲ್ಲು ಮುಂದಕ್ಕೆ ವಾಲಿ ಜಾಗ ಮುಚ್ಚುತ್ತದೆ, ಹೊಸ ಹಲ್ಲು ಅಡ್ಡಾದಿಡ್ಡಿ ಬರುತ್ತದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಆಳದ ಬೋರ್‌ವೆಲ್ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕುದಲ್ಲ. ಅದರಿಂದ ಬರುವ ಕಂದು ಕಲೆ ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಹುಳುಕಿನ ಕಲೆಯನ್ನೂ “ನೀರಿನ ಕಲೆ” ಎಂದು ಬಿಟ್ಟುಬಿಡುತ್ತೇವೆ. ನೀರಿನ ಕಲೆ ಎರಡೂ ಬದಿಯ ಹಲವು ಹಲ್ಲುಗಳಲ್ಲಿ ಒಂದೇ ಬಗೆಯಲ್ಲಿರುತ್ತದೆ. ಹುಳುಕು ಒಂದೋ ಎರಡೋ ಹಲ್ಲಿನಲ್ಲಿ, ಗೀರಿನೊಳಗೆ ಅಥವಾ ಎರಡು ಹಲ್ಲುಗಳ ಸಂದಿಯಲ್ಲಿ ಶುರುವಾಗುತ್ತದೆ. ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆಯಾಗಿಯೂ ಕಾಣಬಹುದು. ಅನುಮಾನವಿದ್ದರೆ ಹುಳುಕೆಂದೇ ತಿಳಿದು ತೋರಿಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಚಿಕ್ಕ ಮಕ್ಕಳಿಗೆ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ನೋವು ಬರಲಿ ಎಂದು ಕಾಯಬೇಡಿ. ಹಲ್ಲಿನ ಹೊರಕವಚದಲ್ಲಿ ನರವಿಲ್ಲ, ಹಾಗಾಗಿ ಮೊದಮೊದಲು ಹುಳುಕು ನೋಯುವುದಿಲ್ಲ. ಒಳಪದರ ಮುಟ್ಟಿದಾಗ ಸಿಹಿ, ತಣ್ಣನೆಯದು ಜುಂ ಎನ್ನುತ್ತದೆ. ನರ ಮುಟ್ಟಿದಾಗ ರಾತ್ರಿ ನಿದ್ದೆ ಕೆಡುತ್ತದೆ. ಆಮೇಲೆ ಒಂದು ದಿನ ನೋವು ತಾನಾಗಿ ನಿಲ್ಲಬಹುದು. ಅದು ವಾಸಿಯಾದದ್ದಲ್ಲ, ನರ ಸತ್ತದ್ದು. ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಾ, ವಸಡಿನ ಮೇಲೆ ಗುಳ್ಳೆ ಏಳುತ್ತದೆ. ಮಕ್ಕಳು ಬಾಯಿಬಿಟ್ಟು ಹೇಳುವುದೂ ಕಡಿಮೆ. ಮುದ್ದೆ ನುಂಗುವ ಊಟವಾದ್ದರಿಂದ ತಟ್ಟೆ ಖಾಲಿಯಾದದ್ದು ನೋಡಿ ನಾವು ಸಮಾಧಾನಪಡುತ್ತೇವೆ. ಕಡಲೆಕಾಯಿ, ಚಕ್ಕುಲಿ ಬೇಡವೆನ್ನುತ್ತಿದೆಯೇ, ಒಂದೇ ಬದಿಯಲ್ಲಿ ಅಗಿಯುತ್ತಿದೆಯೇ, ನೋಡಿ.

ಗೀರು ಆಳವಾಗಿದ್ದು ಹುಳುಕು ಹಿಡಿಯದಿದ್ದರೆ ಡಾಕ್ಟರು ಸೀಲೆಂಟ್ ಎಂಬ ತೆಳು ಲೇಪ ಹಚ್ಚಿ ಮುಚ್ಚುತ್ತಾರೆ, ಸೂಜಿಯೂ ಬೇಡ. ಸಣ್ಣ ಹುಳುಕಿಗೆ ಒಂದೇ ಭೇಟಿಯಲ್ಲಿ ಫಿಲ್ಲಿಂಗ್ ಆಗುತ್ತದೆ. ನರ ಮುಟ್ಟಿದರೆ ಎರಡು ಮೂರು ಸಲ ಅಲೆದಾಟ, ಮೇಲೆ ಕ್ಯಾಪ್, ಅಷ್ಟೂ ದಿನದ ಕೂಲಿ ನಷ್ಟ. ಹೊಗೆಸೊಪ್ಪು, ಕಡ್ಡಿಪುಡಿ ಒತ್ತಿಡಬೇಡಿ. ನೋವಿನ ಮಾತ್ರೆಯನ್ನು ವಸಡಿಗಿಟ್ಟರೆ ಸುಟ್ಟ ಗಾಯವಾಗುತ್ತದೆ. “ಪಿಪ್ಪಿ ಪನ್ನಿನ (ಹುಳುಕು ಹಲ್ಲಿನ) ಹುಳ ತೆಗೆಯುತ್ತೇವೆ” ಎಂದು ಹೊಗೆ ಹಿಡಿಯುವವರ ಬಳಿಗೂ ಹೋಗಬೇಡಿ. ಹಲ್ಲಿನಲ್ಲಿ ಹುಳುವಿಲ್ಲ, ಸಕ್ಕರೆ ತಿಂದ ಬ್ಯಾಕ್ಟೀರಿಯಾ ಬಿಡುವ ಆಮ್ಲವೇ ಹಲ್ಲನ್ನು ಕರಗಿಸುವುದು.

ರಾತ್ರಿ ಮಲಗುವಾಗ ಜೊಲ್ಲು ಕಡಿಮೆಯಾಗುತ್ತದೆ, ಆದ್ದರಿಂದ ಬೆಳಗಿನದಕ್ಕಿಂತ ರಾತ್ರಿಯ ಬ್ರಷ್ ಮುಖ್ಯ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ನುಂಗದೆ ಉಗಿಯಲಿ. ಹುಟ್ಟುತ್ತಿರುವ ಆರನೇ ಹಲ್ಲಿಗೆ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಹಿಡಿದು ತಲುಪಿಸಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ.

ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಹಲ್ಲನ್ನೂ ನೋಡುತ್ತದೆ. ಅವರು ಕೊಟ್ಟ ಚೀಟಿಯನ್ನು ಚೀಲದಲ್ಲೇ ಉಳಿಸಬೇಡಿ. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಕೆಜಿಎಫ್‌ನ ದಂತ ಕಾಲೇಜಿಗೋ ಕರೆದೊಯ್ಯಿರಿ. ಅಂದು ತಪ್ಪಿದ ಪಾಠವನ್ನು ಮರುದಿನ ನಾವು ಹೇಳಿಕೊಡುತ್ತೇವೆ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ನುಂಗಲು ಕಷ್ಟವಾದರೆ, ಊತ ಕಣ್ಣಿನತ್ತ ಏರಿದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಬಂಗಾರಪೇಟೆ ತಾಲ್ಲೂಕು