ಕ್ಯಾಪ್ಟನ್ ಲಕ್ಷ್ಮಿಯವರ ಹೆಸರಿನ ಆರೋಗ್ಯ ಕೊಠಡಿಗಾಗಿ ದೇಣಿಗೆ ಮನವಿ

ಮಾನ್ಯರೇ,

ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯ ಗ್ರಂಥಾಲಯದ ಪಕ್ಕದಲ್ಲಿರುವ ಹಳೆಯ ಉಗ್ರಾಣವನ್ನು ತೆರವು ಮಾಡಿ, ಅಲ್ಲಿ ಒಂದು ಆರೋಗ್ಯ ಕೊಠಡಿ ಮಾಡಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಕೊಠಡಿಗೆ, ಎರಡನೆಯ ಮಹಾಯುದ್ಧದಲ್ಲಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಮಹಿಳಾ ದಳವನ್ನು ಮುನ್ನಡೆಸಿದ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರ ಹೆಸರಿಡುತ್ತೇವೆ. ಗೋಡೆಯ ಮೇಲೆ ಅವರ ಯುದ್ಧಕಾಲದ ಬದುಕನ್ನು ಹೇಳುವ ಚಿತ್ರಪಟಗಳು ಮತ್ತು ಸಿಂಗಾಪುರದಿಂದ ಬರ್ಮಾದವರೆಗಿನ ದೊಡ್ಡ ಭೂಪಟ ಬರಲಿವೆ. ಇದಕ್ಕೆ ತಮ್ಮ ನೆರವು ಬೇಕಾಗಿದೆ.

ಸ್ವಾತಂತ್ರ್ಯೋತ್ಸವದ ವೇಷಭೂಷಣ ಸ್ಪರ್ಧೆಯಲ್ಲಿ ಲಕ್ಷ್ಮಿಯವರೆಂದರೆ ಖಾಕಿ ಉಡುಪು, ಟೋಪಿ, ಮರದ ಬಂದೂಕು. ಸ್ಟೆತೊಸ್ಕೋಪ್ ಹಾಕಿಕೊಂಡು ವೇದಿಕೆ ಹತ್ತಿದ ಮಗುವನ್ನು ನಾವಿನ್ನೂ ಕಂಡಿಲ್ಲ. ಆದರೆ ಅವರು ಮೊದಲು ವೈದ್ಯೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1938ರಲ್ಲಿ ಎಂಬಿಬಿಎಸ್ ಮುಗಿಸಿ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಡಿಪ್ಲೊಮಾ ಪಡೆದು, 1940ರಲ್ಲಿ ಸಿಂಗಾಪುರಕ್ಕೆ ಹೋದ ಲಕ್ಷ್ಮಿ ಸ್ವಾಮಿನಾಥನ್ (ಸೆಹಗಲ್ ಆಗುವ ಮುಂಚಿನ ಅವರ ಹೆಸರು) ಅಲ್ಲಿ ಭಾರತದಿಂದ ಕೂಲಿಗೆ ಬಂದಿದ್ದ ಬಡವರಿಗಾಗಿ ಚಿಕಿತ್ಸಾಲಯ ನಡೆಸಿದರು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಯರ ವಶವಾದಾಗ ಗಾಯಗೊಂಡ ಯುದ್ಧಕೈದಿಗಳ ಶುಶ್ರೂಷೆಗೆ ನಿಂತರು.

ಮರುವರ್ಷ ಜುಲೈನಲ್ಲಿ ಸುಭಾಷ್‌ಚಂದ್ರ ಬೋಸರು ಸಿಂಗಾಪುರಕ್ಕೆ ಬಂದು, ಹೆಣ್ಣುಮಕ್ಕಳದ್ದೇ ಒಂದು ಕಾಲಾಳು ದಳ ಕಟ್ಟಬೇಕೆಂದಾಗ ಮುಂದೆ ಬಂದವರು ಇದೇ ಡಾಕ್ಟರಮ್ಮ. ಕೆಲವೇ ದಿನಗಳಲ್ಲಿ ಇಪ್ಪತ್ತರಷ್ಟು ಹೆಂಗಸರನ್ನು ಕೂಡಿಸಿ, ಸೀರೆಯಲ್ಲೇ ರೈಫಲ್ ಹಿಡಿಸಿ ಬೋಸರಿಗೆ ಗೌರವವಂದನೆ ಕೊಡಿಸಿದರು. ಅಕ್ಟೋಬರ್ 22ರಂದು ಝಾನ್ಸಿ ರಾಣಿ ದಳದ ತರಬೇತಿ ಶಿಬಿರ ಶುರುವಾಯಿತು. ಅದರ ಹಿಂದಿನ ದಿನ ಘೋಷಣೆಯಾದ ಬೋಸರ ಆಜಾದ್ ಹಿಂದ್ (ಸ್ವತಂತ್ರ ಭಾರತ) ತಾತ್ಕಾಲಿಕ ಸರ್ಕಾರದಲ್ಲಿ ಮಹಿಳಾ ವ್ಯವಹಾರಗಳ ಹೊಣೆಯೂ ಅವರದೇ. ದಳಕ್ಕೆ ಸೇರಿದವರಲ್ಲಿ ಬಹಳಷ್ಟು ಮಂದಿ ಮಲಯಾದ ರಬ್ಬರ್ ತೋಟಗಳ ತಮಿಳು ಕೂಲಿಕಾರರ ಮನೆಯವರು, ಭಾರತವನ್ನು ಕಣ್ಣಾರೆ ಕಾಣದವರು. ಕಾಣದ ನಾಡಿಗಾಗಿ ಅವರು ಕವಾಯತು ಕಲಿತರು, ಬಂದೂಕು ಕಲಿತರು.

1944ರಲ್ಲಿ ದಳದ ತುಕಡಿಗಳು ಬರ್ಮಾಕ್ಕೆ ಹೋದವು. ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಚಿತ್ರಪಟದಲ್ಲೂ ಹಾಗೆಯೇ ಬರೆಸುತ್ತೇವೆ. ಇಂಫಾಲದ ಮುಂಚೂಣಿಗೆ ಅವರನ್ನು ಕಳುಹಿಸಲಿಲ್ಲ. ಬ್ರಿಟಿಷರ ಹಿಡಿತದಲ್ಲಿದ್ದ ಇಂಫಾಲ ಕೈಗೆ ಬರಲಿಲ್ಲ, ಜಪಾನಿಯರ ಜೊತೆಗೂಡಿದ್ದ ಬೋಸರ ಸೈನ್ಯ ಹಿಮ್ಮೆಟ್ಟಿತು. ಬರ್ಮಾದ ಮೇಮ್ಯೋ ಊರಿನಲ್ಲಿದ್ದ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಗಾಯಾಳುಗಳ ಆರೈಕೆ. ಕಾದಾಡಲು ಕಲಿತವರಿಗೆ ಇದು ನಿರಾಸೆಯೇ ಇರಬೇಕು. ಆದರೆ ಇದನ್ನು ಕಡಿಮೆ ಸೇವೆಯೆಂದು ಯಾರಾದರೂ ಎಣಿಸಿದರೆ ನಮ್ಮ ಒಪ್ಪಿಗೆಯಿಲ್ಲ. 1945ರ ಮೇ ತಿಂಗಳಲ್ಲಿ ಲಕ್ಷ್ಮಿಯವರು ಬ್ರಿಟಿಷರ ಸೆರೆಯಾದರು; ಭಾರತಕ್ಕೆ ಬಂದದ್ದು 1946ರ ಮಾರ್ಚ್‌ನಲ್ಲಿ. ದಳದಲ್ಲಿ ಅವರಿಗೆ ಮುಂದೆ ಲೆಫ್ಟಿನೆಂಟ್ ಕರ್ನಲ್ ಹುದ್ದೆ ದೊರೆತರೂ ಜನ ‘ಕ್ಯಾಪ್ಟನ್’ ಎನ್ನುವುದನ್ನು ಬಿಡಲಿಲ್ಲ.

ಅದೇ ಸೈನ್ಯದ ಕರ್ನಲ್ ಪ್ರೇಮ್ ಸೆಹಗಲ್ ಅವರನ್ನು ಮದುವೆಯಾಗಿ ಕಾನ್ಪುರದಲ್ಲಿ ನೆಲೆಸಿದ ಮೇಲೆ ಮತ್ತೆ ಡಾಕ್ಟರಿಕೆ: ದೇಶವಿಭಜನೆಯ ನಿರಾಶ್ರಿತರು, 1971ರಲ್ಲಿ ಬಾಂಗ್ಲಾದಿಂದ ಬಂದವರು, 1984ರಲ್ಲಿ ಭೋಪಾಲದ ಅನಿಲ ದುರಂತದ ಸಂತ್ರಸ್ತರು. 2012ರಲ್ಲಿ 97ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ದೇಹವನ್ನೂ ವೈದ್ಯಕೀಯ ಕಾಲೇಜಿಗೆ ಕೊಟ್ಟರು.

ಆದ್ದರಿಂದ ಅವರ ಹೆಸರಿಗೆ ಕಲ್ಲಿನ ಪ್ರತಿಮೆಗಿಂತ ಮಂಚವಿರುವ ಕೊಠಡಿ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ಈಗ ತರಗತಿಯಲ್ಲಿ ತಲೆಸುತ್ತಿ ಬಿದ್ದ ಹುಡುಗಿಯನ್ನು ಸಿಬ್ಬಂದಿ ಕೊಠಡಿಯ ಬೆಂಚಿನ ಮೇಲೆ ಮಲಗಿಸುತ್ತೇವೆ; ಮುಟ್ಟಿನ ನೋವಿಗೆ ಮನೆಗೆ ಕಳುಹಿಸುತ್ತೇವೆ. ಎರಡು ಮಂಚ, ಹಾಸಿಗೆ, ಪರದೆ, ರಕ್ತದೊತ್ತಡ ನೋಡುವ ಯಂತ್ರ, ತೂಕದ ಯಂತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೊಠಡಿಗೆ ಸೇರಿಕೊಂಡಂತೆ ಒಂದು ಶೌಚಾಲಯ ಬೇಕು. ನಿವೃತ್ತ ದಾದಿಯೊಬ್ಬರು ವಾರಕ್ಕೆರಡು ದಿನ ಸಂಬಳವಿಲ್ಲದೆ ಬರಲು ಒಪ್ಪಿದ್ದಾರೆ. ಮೊದಲ ಖರ್ಚು ಮಂಚ ಮತ್ತು ಶೌಚಾಲಯಕ್ಕೆ. ಚಿತ್ರಪಟಗಳು ಆಮೇಲೆ.

ದೇಣಿಗೆಯನ್ನು ಶಾಲಾ ಕಚೇರಿಯಲ್ಲಿ ನಗದಾಗಿ ಅಥವಾ ಟ್ರಸ್ಟಿನ ಹೆಸರಿಗೆ ಚೆಕ್ ಮೂಲಕ ಕೊಡಬಹುದು. ಎಷ್ಟೇ ಸಣ್ಣ ಮೊತ್ತಕ್ಕೂ ರಸೀದಿ ಉಂಟು. ಲೆಕ್ಕವನ್ನು ಪ್ರತಿ ತಿಂಗಳು ಸೂಚನಾ ಫಲಕದಲ್ಲಿ ಹಾಕುತ್ತೇವೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವಂತೆ ಮಾಡುವ 80ಜಿ ಮಾನ್ಯತೆ ನಮಗಿನ್ನೂ ದೊರೆತಿಲ್ಲ, ಮುಂಚಿತವಾಗಿ ತಿಳಿಸುತ್ತಿದ್ದೇವೆ. ಮಂಚ, ಬೀರು ಮುಂತಾದವನ್ನು ವಸ್ತುರೂಪದಲ್ಲೇ ಕೊಟ್ಟರೂ ಸಂತೋಷ. ಮನೆಯಲ್ಲಿ ಉಳಿದ ಮಾತ್ರೆ, ಔಷಧಿಗಳನ್ನು ಮಾತ್ರ ದಯವಿಟ್ಟು ತರಬೇಡಿ.

ತಮ್ಮ ವಿಶ್ವಾಸಿಗಳು,
ಶಾಲಾ ಆಡಳಿತ ಮಂಡಳಿ