ಕಮಲಾಪುರದ ಕಾಕಾಗೆ ಥ್ಯಾಂಕ್ಸ್

ಪಿಕಪ್‌ಗೆ 2 ಇಂಚಿನ ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಸಾಮಾನು) ಹಾಕಿಸಿ ದಪ್ಪ ಟೈರ್ ಏರಿಸಿದ್ದೆ. ಸುಮ್ನೆ ಶೋಕಿಗೆ, ಸುಳ್ಳೇಕೆ ಹೇಳಲಿ! ಬೀದರ್‌ನಿಂದ ಕಲಬುರಗಿಗೆ ಬರುವಾಗ ಕಮಲಾಪುರದ ಹತ್ತಿರ ಸ್ಟೇರಿಂಗ್ ತಿರುಗಿಸಿದರೆ ಸಾಕು, ಮುಂದಿನ ಟೈರ್ ಕರಕರ ಉಜ್ಜುತ್ತಿತ್ತು. ಹಿಂದೆ ಅವ್ವ ಬೇರೆ. ಮಟಮಟ ಮಧ್ಯಾಹ್ನ.

ಪಂಕ್ಚರ್ ಅಂಗಡಿಯ ಕಾಕಾ ಊಟ ಬಿಟ್ಟು ಎದ್ದು ಬಂದರು. "ಪೂರಾ ತಿರುವು ತಮ್ಮಾ" ಎಂದು ನೆಲಕ್ಕೆ ಮಲಗಿ ನೋಡಿದರು. ಟೈರ್ ತಾಗುತ್ತಿದ್ದದ್ದು ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್‌ಗೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಷ್ಟನ್ನೇ ಕತ್ತರಿಸಿದರು. ಉಳಿದದ್ದನ್ನು ಹಿಂದಕ್ಕೆಳೆದು ಸ್ಕ್ರೂ ಬಿಗಿದರು. ಟೈರ್ ಕೊಯ್ದಿದೆಯಾ ಎಂದು ಕೈಯಾಡಿಸಿ ನೋಡಿದರು. ಅಷ್ಟರಲ್ಲೇ ಅವ್ವನಿಗೆ ತಮ್ಮ ಸ್ಟೂಲು, ಒಂದು ತಂಬಿಗೆ ನೀರು.

ಎರಡೂ ಕಡೆ ತಿರುಗಿಸಿದೆ. ಸದ್ದೇ ಇಲ್ಲ! "ಊರಿಗೆ ಹೋಗಿ ಗಾಲಿ ಅಲೈನ್‌ಮೆಂಟ್ ಮಾಡಸ್ಕೋ" ಅಂದರು. 100 ರೂಪಾಯಿಗಿಂತ ಜಾಸ್ತಿ ಮುಟ್ಟಲಿಲ್ಲ. ಹೆಸರು ಕೇಳುವುದನ್ನೇ ಮರೆತೆ.